ಕತ್ತರಿ ಬದಲು ತಮ್ಮನನ್ನು ತಂದ ಹುಡುಗಿ

ಸೋಮವಾರ ಸಂಜೆ ನಾಲ್ಕೂವರೆಗೆ ಅಂದ್ರೇನು ಟೀಚರ್ ಜಗಲಿಯ ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿದ್ದ ಬಿಸ್ಕತ್ತಿನ ಡಬ್ಬಿಯಿಂದ ಕೊನೆಯ ಚೀಟಿ ಎತ್ತಿದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿದರು: “ಮಳೆ ಬಂದಾಗ ತಲೆ ನೆನೆಯದ ಹಾಗೆ ಹಿಡಿದುಕೊಳ್ಳುವುದು.”

ಎದುರಿಗೆ ಒಂಟಿಕಾಲಲ್ಲಿ ನಿಂತಿದ್ದ ಆರೂವರೆ ವರ್ಷದ ಮೊಮ್ಮಗಳು ಒಳಗೆ ಓಡಿದಳು. ಏನೋ ಬಿದ್ದ ಸದ್ದಾಯಿತು. ಮರುಗಳಿಗೆಯಲ್ಲಿ ತನಗಿಂತ ಉದ್ದದ ಕೊಡೆಯನ್ನು ಎಳೆದುಕೊಂಡು ಬಂದು ಅಜ್ಜಿಯ ಮುಂದೆ ಹಾಕಿದಳು. ಅಜ್ಜಿ ಚೀಟಿಯ ಮೂಲೆಯಲ್ಲಿ ಕೆಂಪು ಗೀಟು ಹಾಕಿ, “ಮುನ್ನೂರ ಇಪ್ಪತ್ತಾರು” ಎಂದರು. ‘ಕ’ ಅಕ್ಷರ ಮುಗಿದಿತ್ತು.

ಅಂದ್ರೇನು ಟೀಚರ್ ಎಂಬುದು ಅವರಿಗೆ ಶಾಲೆಯಲ್ಲಿ ಬಿದ್ದ ಹೆಸರು. ಮೂವತ್ತೆಂಟು ವರ್ಷ ಒಂದನೇ ತರಗತಿಗೆ ಪಾಠ ಮಾಡಿದರು. ಮಕ್ಕಳು ಯಾವ ಪದ ಓದಿದರೂ ಅವರ ಮುಂದಿನ ಪ್ರಶ್ನೆ ಅದೇ: “ಅಂದ್ರೇನು?” ನಿವೃತ್ತರಾದ ದಿನ ಹಾರ ಹಾಕಿ, “ಇವರು ಶಾಲೆಯ ಆಧಾರಸ್ತಂಭ” ಎಂದ ಹೊಸ ಮುಖ್ಯೋಪಾಧ್ಯಾಯರಿಗೂ ಹಿಂದಿನ ಸಾಲಿನಿಂದ ಒಬ್ಬ ಹುಡುಗ “ಅಂದ್ರೇನು?” ಎಂದು ಕೇಳಿದ್ದ. ಟೀಚರಿಗೆ ಹಾರಕ್ಕಿಂತ ಅದೇ ಹೆಚ್ಚು ಹಿಡಿಸಿತ್ತು.

ಅದೇ ಬೀದಿಯ ಕೊನೆಯಲ್ಲಿ ಒಂದು ಮುದ್ರಣಾಲಯವಿದೆ. ರಸೀದಿ ಪುಸ್ತಕ, ಕ್ಯಾಲೆಂಡರು, ಔಷಧಿ ಅಂಗಡಿಯ ಕವರು ಅಚ್ಚು ಹಾಕುವ ಜಾಗ. ಅದರ ಮಾಲೀಕರಿಗೆ ಮಕ್ಕಳಿಗಾಗಿ ಅಕ್ಷರಕ್ಕೊಂದು ಪದಗಳ ಅರ್ಥ ಹೇಳುವ ಪುಸ್ತಿಕೆ ತರುವ ಆಸೆ ಬಂತು. ಸ್ವರಾಕ್ಷರಗಳ ಪಟ ಎಲ್ಲರ ಮನೆಯ ಗೋಡೆಯ ಮೇಲೂ ಇರುತ್ತದೆ, ‘ಕ’ದಿಂದಲೇ ಶುರು ಮಾಡೋಣ ಎಂದರು. ಪದಗಳು ಅತಿ ಹೆಚ್ಚು ಇರುವುದೂ ಅದರಲ್ಲೇ. ಮೊದಲ ಪುಸ್ತಿಕೆ ದಪ್ಪಗಿದ್ದರೆ ಶಾಲೆಗಳಿಗೆ ತೋರಿಸಲು ಚೆನ್ನ ಎಂಬುದು ಅವರ ಲೆಕ್ಕ.

ಇಂಥ ಪುಸ್ತಕ ಆ ಊರಿಗೆ ಹೊಸದಲ್ಲ. ಟೀಚರ್ ಕೆಲಸಕ್ಕೆ ಸೇರಿದಾಗ ಇದ್ದ ಹೆಡ್ಮೇಷ್ಟ್ರು ಹಿಂದೆಯೇ ಒಂದು ಬರೆದಿದ್ದರು. ಕಾಗೆ: ಪಕ್ಷಿವಿಶೇಷ. ಕತ್ತೆ: ಪ್ರಾಣಿವಿಶೇಷ. ಕೊಳಲು: ವಾದ್ಯವಿಶೇಷ. ಕುರ್ಚಿ: ಆಸನವಿಶೇಷ. ಟೀಚರ್ ಆ ಪುಸ್ತಕವನ್ನೇ ಹಿಡಿದು ವರ್ಷಗಟ್ಟಲೆ ಪಾಠ ಮಾಡಿದರು. ಒಂದು ದಿನ ಮುಂದಿನ ಬೆಂಚಿನ ಹುಡುಗಿ ಎದ್ದು, “ಟೀಚರ್, ನಮ್ಮನೆ ಹತ್ರ ಕಾಗೆ ಇದೆ. ಅದರಲ್ಲಿ ವಿಶೇಷ ಏನೂ ಇಲ್ಲ” ಎಂದಳು. ಕಾಗೆಗೆ ಸರಿಯಾದ ಅರ್ಥ ಬರೆಯುವ ಕೆಲಸ ಟೀಚರಿಗೆ ಅಂದಿನಿಂದ ಬಾಕಿ ಇತ್ತು.

ಹಾಗಾಗಿ ಮಾಲೀಕರು ಕೇಳಿದಾಗ ಟೀಚರ್ ಒಂದು ಷರತ್ತು ಹಾಕಿಕೊಂಡರು. ಚೀಟಿಯ ಒಂದು ಬದಿ ಪದ, ಇನ್ನೊಂದು ಬದಿ ಅರ್ಥ. ಮಗುವಿಗೆ ಅರ್ಥ ಮಾತ್ರ ಓದಿ ಹೇಳಬೇಕು, ಪದ ಹೇಳಕೂಡದು. ಮಗು ಹೋಗಿ ಆ ವಸ್ತು ತರಬೇಕು, ತರಲಾಗದ್ದನ್ನು ತೋರಿಸಬೇಕು, ತೋರಿಸಲಾಗದ್ದನ್ನು ಮಾಡಬೇಕು. ತಂದರೆ ಅರ್ಥ ಪಾಸು. ತರದಿದ್ದರೆ ತಪ್ಪು ಮಗುವಿನದಲ್ಲ, ಚೀಟಿಯದು. ಅದನ್ನು ಹರಿದು ಬೇರೆ ಬರೆಯಬೇಕು.

ಪರೀಕ್ಷೆಗೆ ಸಿಕ್ಕವಳು ಮೊಮ್ಮಗಳು. ಮನೆಯಲ್ಲಿ ಅವಳ ಹೆಸರು ಸಾಸಿವೆ. ಎಣ್ಣೆ ಕಾಯುವುದೇ ತಡ ಸಿಡಿಯುತ್ತಾಳೆ ಎಂದು ಅವಳ ತಾತ ಇಟ್ಟದ್ದು. ಒಂದು ತಿಂಗಳು ಆ ಮನೆಯಲ್ಲಿ ‘ಕ’ದಿಂದ ಶುರುವಾಗುವ ಯಾವ ವಸ್ತುವೂ ತನ್ನ ಜಾಗದಲ್ಲಿ ಇರಲಿಲ್ಲ. ಕುಕ್ಕರು, ಕಂಬಳಿ, ಕೀಲಿಕೈ, ಕನ್ನಡಿ, ಕಸಪೊರಕೆ ಎಲ್ಲವೂ ಜಗಲಿಯಲ್ಲಿ ರಾಶಿ ಬಿದ್ದಿದ್ದವು. ಬೆಳಿಗ್ಗೆ ಆಸ್ಪತ್ರೆಯ ಕೆಲಸಕ್ಕೆ ಹೊರಡುವ ಮಗಳು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು:

“ಅಮ್ಮಾ, ನನ್ನ ಕರ್ಚೀಫು ಪಾಸಾಯ್ತಾ? ಆಗಿದ್ರೆ ವಾಪಸ್ ಕೊಡು, ಬಸ್ ಬರುತ್ತೆ!”

ಆದರೆ ಫಲಿತಾಂಶಕ್ಕೆ ಮಾತ್ರ ಯಾರೂ ಹೆಸರಿಡುವಂತಿರಲಿಲ್ಲ. ಮೊದಲ ವಾರ ಹತ್ತಕ್ಕೆ ಮೂರು ಚೀಟಿ ಫೇಲಾದವು, ಎರಡನೇ ವಾರ ಒಂದು. ಮೂರನೇ ವಾರದಿಂದ ಒಂದೂ ಇಲ್ಲ. ತಮ್ಮ ಕೈ ಪಳಗಿತು ಎಂದು ಟೀಚರ್ ತಿಳಿದುಕೊಂಡರು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದ್ದರು, “ನೋಡಿ, ಬರೆಯೋದು ಗೊತ್ತಿದ್ರೆ ಮಗೂಗೆ ಅರ್ಥ ಆಗೇ ಆಗುತ್ತೆ.” ಮನೆಯ ಮುಂದಿನ ಕೋಣೆಯಲ್ಲೇ ಗಡಿಯಾರ ರಿಪೇರಿ ಅಂಗಡಿ ಇಟ್ಟಿರುವ ಗಂಡ, ಚಿಕ್ಕ ವಸ್ತುಗಳ ಮೇಲೆ ಕಣ್ಣಿಟ್ಟು ಅಭ್ಯಾಸವಾದ ಮನುಷ್ಯ, ದೊಡ್ಡ ಮಾತು ಬಂದರೆ “ಹೂಂ” ಎನ್ನುವವರು. ಅವತ್ತೂ ಅಷ್ಟೇ ಎಂದರು.

ಮಂಗಳವಾರ ಶಾಲೆ ಬಿಟ್ಟ ಹೊತ್ತಿಗೆ ಮುದ್ರಣಾಲಯದ ಮಾಲೀಕರು ಚೀಟಿಗಳನ್ನು ನೋಡಲು ಬಂದರು. ಸಾಸಿವೆ ಹಲ್ಲು ತೋರಿಸಲು ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿದ್ದಳು.

“ಅದೇನೋ ಪರೀಕ್ಷೆ ಅಂತೀರಲ್ಲ ಟೀಚರ್, ನಾನೂ ಒಂದ್ಸಲ ನೋಡ್ಬೇಕು,” ಎಂದರು ಮಾಲೀಕರು.

“ಪರೀಕ್ಷೆ ಕೊಡೋಳೇ ಇಲ್ವಲ್ಲ.”

“ಮಗು ತಾನೇ? ಅಗೋ, ಅಲ್ಲೊಂದಿದೆ.”

ಮಹಡಿ ಮನೆಗೆ ಹಿಂದಿನ ವಾರವಷ್ಟೇ ಹೊಸ ಬಾಡಿಗೆಯವರು ಬಂದಿದ್ದರು. ಅವರ ಐದೂವರೆ ವರ್ಷದ ಹುಡುಗಿ ಹೊರಮೆಟ್ಟಿಲ ಮೇಲೆ ಕೂತು, ಎರಡು ವರ್ಷದ ತಮ್ಮನನ್ನು ಕಾಯುತ್ತಿದ್ದಳು. ಮಾತು ಕಡಿಮೆ. ಬಾ ಎಂದರೆ ಬಂದಳು, ನಿಲ್ಲು ಎಂದರೆ ನಿಂತಳು. ಟೀಚರ್ ನಿಯಮ ಹೇಳಿದರು. ಹುಡುಗಿ ತಲೆ ಆಡಿಸಿದಳು.

“ಮಳೆ ಬಂದಾಗ ತಲೆ ನೆನೆಯದ ಹಾಗೆ ಹಿಡಿದುಕೊಳ್ಳುವುದು.”

ಹುಡುಗಿ ಮಹಡಿ ಹತ್ತಿ, ತನ್ನ ಶಾಲೆಯ ಚೀಲ ತಂದು ತಲೆಯ ಮೇಲೆ ಇಟ್ಟುಕೊಂಡು ನಿಂತಳು.

“ಮುಖ ನೋಡಿಕೊಳ್ಳುವಂಥದ್ದು.”

ಮಾಲೀಕರ ಪಕ್ಕದಲ್ಲಿದ್ದ ಮೊಬೈಲನ್ನು ಮುಟ್ಟಿ ತೋರಿಸಿದಳು. ಮಾಲೀಕರು ನಕ್ಕರು. ಟೀಚರ್ ನಗಲಿಲ್ಲ.

“ಕಾಗದ, ಬಟ್ಟೆ ತುಂಡು ಮಾಡುವಂಥದ್ದು.”

ಹುಡುಗಿ ಒಂದು ಕ್ಷಣವೂ ಯೋಚಿಸದೆ ಮೆಟ್ಟಿಲ ಹತ್ತಿರ ಹೋದಳು. ತಮ್ಮನನ್ನು ರೆಟ್ಟೆ ಹಿಡಿದು ಎಬ್ಬಿಸಿ, ನಡೆಸಿಕೊಂಡು ಬಂದು ಟೀಚರ ಮುಂದೆ ನಿಲ್ಲಿಸಿದಳು. ತಮ್ಮನ ಬಾಯಲ್ಲಿ ಆಗಲೇ ಅರ್ಧ ಕಾಗದವಿತ್ತು.

“ಮನೆಯವರಿಗೆ ಹೇಳದೆ ಬಂದು, ಅವರ ವಸ್ತು ತೆಗೆದುಕೊಂಡು ಹೋಗುವವನು,” ಎಂದರು ಟೀಚರ್. ದನಿ ಸಣ್ಣಗಾಗಿತ್ತು.

“ನಮ್ಮ ಚಿಕ್ಕಪ್ಪ,” ಎಂದಳು ಹುಡುಗಿ. ಅಂದು ಅವಳು ಆಡಿದ ಮೊದಲ ಮಾತು ಅದು.

ಮಾಲೀಕರು ಕಣ್ಣೊರೆಸಿಕೊಂಡು, “ಇದನ್ನ ಮಾತ್ರ ಪಾಸು ಮಾಡಿಬಿಡಿ ಟೀಚರ್,” ಎಂದರು. ಆಮೇಲೆ ಟೀಚರ ಮುಖ ನೋಡಿ ನಗು ನುಂಗಿಕೊಂಡರು. “ತಲೆ ಕೆಡಿಸ್ಕೋಬೇಡಿ. ಪುಸ್ತಕ ಕೊಳ್ಳೋರು ಅಪ್ಪ ಅಮ್ಮ. ಅವರಿಗೆ ಅರ್ಥ ಆದ್ರೆ ಸಾಕಲ್ವಾ?”

“ಅಪ್ಪ ಅಮ್ಮನಿಗೆ ಕತ್ತರಿ ಅಂದ್ರೆ ಏನು ಅಂತ ಹೇಳೋಕೆ ಪುಸ್ತಕ ಯಾಕೆ ಬೇಕು? ಇನ್ನೊಂದು ತಿಂಗಳು ಕೊಡಿ.”

“ತಿಂಗಳಾ? ಶನಿವಾರ ಬೆಳಿಗ್ಗೆ ಹತ್ತಕ್ಕೆ ಯಂತ್ರಕ್ಕೆ ಹಾಕ್ಬೇಕು. ಕಾಗದ ಕತ್ತರಿಸಿ ಇಟ್ಟಾಗಿದೆ. ಮೂವತ್ತೆರಡು ಪುಟ. ನಿಮ್ಮಿಂದ ಆಗಲ್ಲ ಅಂದ್ರೆ ಹೇಳಿ, ಹೆಡ್ಮೇಷ್ಟ್ರ ಪುಸ್ತಕ ಇದ್ದೇ ಇದೆ. ಒಂದೇ ಪ್ರತಿ ಉಳಿದಿರೋದು, ಅವರ ಹತ್ರಾನೇ ಇದೆ. ಕೇಳಿದ್ರೆ ಸಂತೋಷವಾಗಿ ಕೊಡ್ತಾರೆ.”

ಮಾಲೀಕರು ಹೋದ ಮೇಲೆ ಟೀಚರ್ ಡಬ್ಬಿಯ ಮುಚ್ಚಳ ಮುಚ್ಚಿ, ಅದರ ಮೇಲೆ ಕೈಯಿಟ್ಟು ಕೂತರು. ಮುನ್ನೂರ ಇಪ್ಪತ್ತಾರು ಕೆಂಪು ಗೀಟುಗಳಿದ್ದವು. ಒಂದು ಮಗು ಎಲ್ಲವನ್ನೂ ತಂದಿತ್ತು, ಇನ್ನೊಂದು ಒಂದನ್ನೂ ತರಲಿಲ್ಲ.

ಐದು ಗಂಟೆಗೆ ಸಾಸಿವೆ ಬಂದಳು. ಅಂಗಡಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ತಾತ, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಜಗಲಿಗೆ ಬಂದರು. ಒಂದು ಖಾಲಿ ಚೀಟಿ ಎತ್ತಿಕೊಂಡು, ಬರೆದದ್ದನ್ನು ಓದುವವರ ಹಾಗೆ ಗಂಭೀರವಾಗಿ ಓದಿದರು:

“ಉಪ್ಪು ಹಾಕಿದರೆ ನಗುವ, ಸೋಮವಾರ ಮಾತ್ರ ಹಾರುವ ವಸ್ತು.”

ಸಾಸಿವೆ ಒಳಗೆ ಓಡಿದಳು. ಈ ಸಲ ಸ್ವಲ್ಪ ಹೊತ್ತು ಹಿಡಿಯಿತು. ಬರುವಾಗ ಕೈಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿತ್ತು.

“ಇದು ಯಾವಾಗ ಹಾರುತ್ತೆ ಮರಿ?”

“ಗೊತ್ತಿಲ್ಲ ತಾತ. ಬೇರೆ ಎಲ್ಲಾ ‘ಕ’ನೂ ಆಗೋಗಿದೆ. ಇದೊಂದೇ ಉಳಿದಿತ್ತು.”

ಟೀಚರ್ ತಲೆ ಎತ್ತಿದರು. “ಅಂದ್ರೇನು?”

ಸಾಸಿವೆ ವಿವರಿಸಿದಳು. ಬಚ್ಚಿಡುವಂಥದ್ದು ಏನೂ ಇರಲಿಲ್ಲ. ಅಜ್ಜಿ ‘ಕ’ ಬರೆಯುತ್ತಿದ್ದಾರೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿ ಮೊದಲ ಎರಡು ಮಾತು ಓದಿದ ಕೂಡಲೇ ಅವಳು ಒಳಗೆ ಹೋಗುತ್ತಾಳೆ, ‘ಕ’ ಎಂದು ಶುರುವಾಗುವ, ಇನ್ನೂ ಹೊರಗೆ ಹೋಗದ ವಸ್ತು ಯಾವುದಿದೆ ನೋಡುತ್ತಾಳೆ, ಇದ್ದುದರಲ್ಲಿ ಸರಿ ಅನ್ನಿಸಿದ್ದನ್ನು ತರುತ್ತಾಳೆ. ಪೂರ್ತಿ ಅರ್ಥ ಕೇಳುವುದನ್ನು ಎರಡನೇ ವಾರವೇ ಬಿಟ್ಟಿದ್ದಳು.

“ಕೋಪ ಅಂತ ಇತ್ತಲ್ಲ, ಅದನ್ನ ಹೇಗೆ ಮಾಡಿ ತೋರಿಸ್ದೆ?” ಎಂದರು ಟೀಚರ್.

“ವಸ್ತು ಅಲ್ಲ ಅಂದ್ಯಲ್ಲ ಅಜ್ಜಿ. ‘ಕ’ದಲ್ಲಿ ವಸ್ತು ಅಲ್ಲದ್ದು ಅಂದ್ರೆ ಕೆಮ್ಮು, ಕೋಪ, ಕಚಗುಳಿ. ಕೆಮ್ಮಿ ನೋಡ್ದೆ, ನೀನು ಗೀಟು ಹಾಕ್ಲಿಲ್ಲ. ಆಮೇಲೆ ಕೋಪ ಮಾಡ್ಕೊಂಡೆ.”

ತಾತ ತಮ್ಮ ಕಸುಬಿನ ಭಾಷೆಯಲ್ಲೇ ತೀರ್ಪು ಕೊಟ್ಟರು. “ಗೋಡೆ ಗಡಿಯಾರ ನೋಡಿ ಕೈಗಡಿಯಾರ ತಿರುಗಿಸಿ, ಆಮೇಲೆ ಕೈಗಡಿಯಾರ ನೋಡ್ಕೊಂಡು ಗೋಡೆ ಗಡಿಯಾರ ಸರಿಯಾಗಿದೆ ಅಂದ ಹಾಗಾಯ್ತು.”

ಒಂದು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಟೀಚರ್ ಮೊಮ್ಮಗಳಿಗೆ ಬಯ್ಯಲಿಲ್ಲ. ಬಯ್ಯುವುದಕ್ಕೆ ಕಾರಣವೂ ಇರಲಿಲ್ಲ. ತಾವೇ ಅಕ್ಷರ ಹೇಳಿ, ತಾವೇ ಪರೀಕ್ಷೆ ಮಾಡಿದ್ದರು. ಆದರೆ ಸಾಸಿವೆ ಎಲ್ಲರ ಮುಖ ನೋಡಿ, ಏನೋ ಎಡವಟ್ಟಾಗಿದೆ ಎಂದು ಊಹಿಸಿ ತುಟಿ ಮುಂದೆ ಮಾಡಿದಳು.

“ನಾನು ಫೇಲಾ ಅಜ್ಜಿ?”

“ನೀನಲ್ಲ ಕಣೇ. ಚೀಟಿ ಫೇಲು.”

“ಹಾಗಾದ್ರೆ ಚೀಟಿಗೆ ಬಯ್ಯಿ. ನನ್ನ ಯಾಕೆ ಹಾಗೆ ನೋಡ್ತೀಯ?”

ಟೀಚರ ಮುಂದೆ ಎರಡು ದಾರಿಗಳಿದ್ದವು. ಡಬ್ಬಿಯನ್ನು ಹಾಗೇ ಕೊಟ್ಟುಬಿಡಬಹುದಿತ್ತು. ಕೆಂಪು ಗೀಟಿನ ಕಥೆ ಪುಸ್ತಕದಲ್ಲಿ ಅಚ್ಚಾಗುವುದಿಲ್ಲ. ಇಲ್ಲವೇ ಮೂರು ದಿನದಲ್ಲಿ ಮತ್ತೆ ಮೊದಲಿಂದ ಶುರು ಮಾಡಬೇಕಿತ್ತು. ಮುಗಿಯದಿದ್ದರೆ ಶನಿವಾರ ಕಾಗೆ ಮತ್ತೆ ಪಕ್ಷಿವಿಶೇಷವಾಗುತ್ತಿತ್ತು, ಅದೂ ಅವರದೇ ಬೀದಿಯಲ್ಲಿ, ಬಣ್ಣದ ಚಿತ್ರದ ಸಮೇತ. ಬುಧವಾರ ಬೆಳಿಗ್ಗೆ ಹೊತ್ತಿಗೆ ಟೀಚರ್ ಬೇರೆ ಅಕ್ಷರಗಳ ಇನ್ನೂರು ಚೀಟಿಗಳನ್ನು ಬರೆದು, ‘ಕ’ದ ಚೀಟಿಗಳೊಳಗೆ ಕಲಸಿಬಿಟ್ಟಿದ್ದರು. ಮಂಚ, ಬಕೀಟು, ಸೂಜಿ, ಹಲ್ಲಿ ಎಲ್ಲವೂ ಸೇರಿದವು. ಯಾವ ಚೀಟಿ ಯಾವ ಅಕ್ಷರದ್ದು ಎಂದು ಇನ್ನು ಮಗುವಿಗೆ ತಿಳಿಯುವಂತಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಇಬ್ಬರೂ ಹುಡುಗಿಯರನ್ನು ಜಗಲಿಯಲ್ಲಿ ನಿಲ್ಲಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಒಬ್ಬಳು ಕೇಳುವ ಮೊದಲೇ ಓಡುತ್ತಾಳೆ, ಇನ್ನೊಬ್ಬಳು ಕೇಳಿದ ಮೇಲೂ ನಿಂತಿರುತ್ತಾಳೆ. ಮೊದಲ ದಿನ ಸಾಸಿವೆ ಹದಿನೆಂಟು ಸಲ ತಪ್ಪು ವಸ್ತು ತಂದಳು. ಹತ್ತೊಂಬತ್ತನೆಯ ಚೀಟಿಗೆ ಬಾಗಿಲ ತನಕ ಓಡಿ, ನಿಂತು, ವಾಪಸ್ಸು ಬಂದು, “ಅಜ್ಜಿ, ಇನ್ನೊಂದ್ಸಲ ಪೂರ್ತಿ ಓದು,” ಎಂದಳು.

ಚೀಟಿಗಳು ಹರಿದು ಗುಡ್ಡೆಯಾದವು. ಕೊಡೆಯ ಅರ್ಥ ನಾಲ್ಕು ಸಲ ಬದಲಾಯಿತು. ಮಡಚಿದರೆ ಕೋಲು, ಬಿಚ್ಚಿದರೆ ಪುಟ್ಟ ಛಾವಣಿ ಎಂದಾಗ ಮಹಡಿಯ ಹುಡುಗಿ ಮೂಲೆಗೆ ಹೋಗಿ ಅದನ್ನೇ ತಂದಳು. ಕತ್ತರಿ ಗುರುವಾರ ಪಾಸಾಯಿತು: ಎರಡು ತೂತಿಗೆ ಬೆರಳು ಹಾಕಿ, ಅದರ ಬಾಯಿ ತೆರೆದು ಮುಚ್ಚಿದರೆ ಕಾಗದ ಎರಡಾಗುತ್ತದೆ. ತಮ್ಮನನ್ನು ಆ ಹೊತ್ತಿಗೆ ಗಡಿಯಾರದ ಅಂಗಡಿಯಲ್ಲಿ ಕೂರಿಸಲಾಗಿತ್ತು. ಅವನು ರಸೀದಿ ಪುಸ್ತಕದ ನಾಲ್ಕು ಹಾಳೆಗಳನ್ನು ಕತ್ತರಿಯ ಹಂಗಿಲ್ಲದೆ ಎರಡೆರಡು ಮಾಡಿದ್ದ. ಕಷ್ಟ ಎಂಬ ಪದಕ್ಕೆ ಟೀಚರ್, “ಮಾಡಲೇಬೇಕು, ಆದರೆ ಮಾಡುವಾಗ ಸಾಕಪ್ಪಾ ಅನ್ನಿಸುವುದು” ಎಂದು ಓದಿದರು. ಹುಡುಗಿ ಅಂಗಡಿಗೆ ಹೋಗಿ, ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು, ಉಸಿರು ಬಿಡುತ್ತ ಮೂರು ಮೆಟ್ಟಿಲು ಹತ್ತಿ ತೋರಿಸಿದಳು. ಆ ಗೀಟನ್ನು ಟೀಚರ್ ಸ್ವಲ್ಪ ದಪ್ಪಗೆ ಎಳೆದರು.

ಹಾಗಿದ್ದರೂ ಶುಕ್ರವಾರ ಸಂಜೆ ನಾಲ್ಕಕ್ಕೆ ಎಣಿಸಿದರೆ ಪಾಸಾದವು ತೊಂಬತ್ತನಾಲ್ಕು. ಕಾಗೆ, ಕುರ್ಚಿ, ಕೊಳಲು ಯಾವುದೂ ಅದರಲ್ಲಿರಲಿಲ್ಲ. ಕಾಗೆಗೆ ಟೀಚರ್ ಬರೆದ ಏಳು ಅರ್ಥಗಳಿಗೂ ಹುಡುಗಿಯರು ಕೋಳಿ, ಪಾರಿವಾಳ, ಒಂದು ಸಲ ವಿಮಾನ ತೋರಿಸಿದ್ದರು.

ಆಗ ಗೇಟು ಕಿರುಗುಟ್ಟಿತು. ಹೆಡ್ಮೇಷ್ಟ್ರು ಬಂದರು. ಎಪ್ಪತ್ತೆಂಟು ವರ್ಷ, ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಬಟ್ಟೆಯ ಚೀಲ. ಟೀಚರ್ ಎದ್ದು ನಿಂತರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರ ಕೈಕೆಳಗೆ ಸೇರಿದ್ದರಿಂದ ಈಗಲೂ ಅವರನ್ನು ಕಂಡರೆ ಕಾಲು ತಾನಾಗಿ ನೆಟ್ಟಗಾಗುತ್ತದೆ.

“ಕೂತ್ಕೋಮ್ಮ, ಕೂತ್ಕೋ. ಪ್ರೆಸ್ಸಿನವರು ಹೇಳಿದ್ರು, ನಿನಗೆ ಸ್ವಲ್ಪ ಪದ ಸಾಲದೆ ಬಂದಿದೆಯಂತೆ.”

“ಪದ ಸಾಲದೆ ಅಲ್ಲ ಸರ್. ಅರ್ಥ.”

“ಅದಕ್ಕೇನಂತೆ? ಇಲ್ಲಿದೆಯಲ್ಲ,” ಎಂದು ಚೀಲದಿಂದ ರಟ್ಟು ಸವೆದ ಪುಸ್ತಕ ತೆಗೆದರು. “ನಾಳೆ ಬೆಳಿಗ್ಗೆ ಕೊಡ್ತೀನಿ ಅಂದಿದ್ದೀನಿ. ನಿನಗೆ ಒಂದು ಮಾತು ಹೇಳಿಹೋಗೋಣ ಅಂತ ಬಂದೆ.”

ಟೀಚರ್ ಮಹಡಿಯ ಹುಡುಗಿಯನ್ನು ಹತ್ತಿರ ಕರೆದರು. “ಸರ್, ತಪ್ಪು ತಿಳ್ಕೋಬೇಡಿ. ಕೊಡಿ. ಆದ್ರೆ ಅದಕ್ಕೂ ಮೊದಲು ಈ ಮಗೂಗೆ ಒಂದೈದು ಓದಿ ಹೇಳಿ. ಅವಳು ತೋರಿಸಿದ್ರೆ ನಾನೇ ಪ್ರೆಸ್ಸಿಗೆ ತಲುಪಿಸ್ತೀನಿ.”

ಮೂವತ್ತು ವರ್ಷ ಪರೀಕ್ಷೆ ಮಾಡಿದ ಮನುಷ್ಯನಿಗೆ ಪರೀಕ್ಷೆ ಎಂದರೆ ಹಿಂಜರಿಕೆಯೇ? ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಪಕ್ಷಿ ವಿಶೇಷ!”

ಮಹಡಿಯ ಹುಡುಗಿ ಅಲ್ಲಾಡಲಿಲ್ಲ.

“ಸರಿ, ಬೇರೆ. ಆಸನ ವಿಶೇಷ!”

ಸಾಸಿವೆ ತಾತನ ಕಿವಿಯಲ್ಲಿ, “ಇದು ಯಾವ ಭಾಷೆ ತಾತ?” ಎಂದಳು. ಕಿವಿಯಲ್ಲಿ ಹೇಳಿದ್ದು ಗೇಟಿನ ತನಕ ಕೇಳಿಸಿತು.

“ಕನ್ನಡಾನೇ ಮಗು,” ಎಂದರು ಮೇಷ್ಟ್ರು. ಕಿವಿ ಕೆಂಪಾಗಿತ್ತು. “ವಾದ್ಯ ವಿಶೇಷ?”

ಹುಡುಗಿ ಎರಡು ಹೆಜ್ಜೆ ಮುಂದೆ ಬಂದು ಅವರ ಮೊಣಕಾಲಿನ ಹತ್ತಿರ ನಿಂತಳು. ಮುಖದಲ್ಲಿ ತುಂಬ ಕಾಳಜಿ ಇತ್ತು.

“ನಿಮಗೆ ಆ ಪದ ಮರೆತುಹೋಯ್ತಾ?”

“ಏನು?”

“ನಮ್ಮಜ್ಜನಿಗೂ ಹೀಗೇ ಮರೆತುಹೋಗುತ್ತೆ. ಅದು, ಅದು ಅಂತಾನೇ ಇರ್ತಾರೆ. ಬೇಜಾರು ಮಾಡ್ಕೋಬೇಡಿ. ಅದು ಹೇಗಿರುತ್ತೆ ಅಂತ ಹೇಳಿ, ನಾನು ತಂದ್ಕೊಡ್ತೀನಿ.”

ಟೀಚರ್ ನೆಲ ನೋಡಿದರು. ಮೇಷ್ಟ್ರು ಪುಸ್ತಕ ನೋಡಿದರು, ಹುಡುಗಿಯನ್ನು ನೋಡಿದರು. ಕೊನೆಗೆ ಪುಸ್ತಕವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

“ಅದು… ಕಪ್ಪಗಿರುತ್ತೆ ಮಗು. ನೀನು ಊಟ ಮಾಡ್ತಾ ಇರ್ತೀಯ ಅಂತ ಇಟ್ಕೋ. ಗೋಡೆ ಮೇಲೆ ಬಂದು ಕೂತು, ಕತ್ತು ಓರೆ ಮಾಡಿ ನೋಡುತ್ತೆ. ನಿನ್ನನ್ನಲ್ಲ, ತಟ್ಟೇನ. ನೀನು ಆ ಕಡೆ ತಿರುಗಿದ್ಯೋ, ತುತ್ತು ಹೋಯ್ತು! ಹಾರಿಹೋಗಿ ಮರದ ಮೇಲೆ ಕೂತು ಊರಿಗೆಲ್ಲಾ ಕೂಗಿ ಹೇಳುತ್ತೆ.”

ಹುಡುಗಿ ಕೈ ಎತ್ತಿ ಕಾಂಪೌಂಡಿನ ಗೋಡೆ ತೋರಿಸಿದಳು. ಅಲ್ಲಿ ಆಗ ಯಾವುದೂ ಕೂತಿರಲಿಲ್ಲ. “ಅದು ಬೆಳಿಗ್ಗೆ ಬರುತ್ತೆ. ನಮ್ಮ ತಮ್ಮನ ರೊಟ್ಟೀನೂ ಅದೇ ತಗೊಂಡು ಹೋಗಿದ್ದು,” ಎಂದಳು.

ಟೀಚರ್ ಅದನ್ನು ಹೊಸ ಚೀಟಿಯಲ್ಲಿ ಬರೆದುಕೊಂಡರು. ಕೆಂಪು ಪೆನ್ನಿನಿಂದ ಗೀಟು ಎಳೆಯುವುದನ್ನು ಮೇಷ್ಟ್ರು ಓರೆಗಣ್ಣಲ್ಲಿ ನೋಡಿದರು.

“ಪಾಸಾ?”

“ಪಾಸು ಸರ್.”

“ಇನ್ನೊಂದು ಕೊಡು ಹಾಗಾದ್ರೆ. ಆ ಕುರ್ಚಿ ಇತ್ತಲ್ಲ, ಅದನ್ನ ಕೊಡು.”

“ಸರ್, ಪದ ಬಾಯಿಬಿಟ್ಟು ಹೇಳ್ಬಾರದು.”

“ಓಹೋ, ಹೌದಲ್ಲ. ಅದು ಫೇಲು. ಬೇರೆ ಕೊಡು.”

ಆರೂವರೆಗೆ ಮೇಷ್ಟ್ರು ಎದ್ದಾಗ ಹದಿನೇಳು ಚೀಟಿಗಳು ಪಾಸಾಗಿದ್ದವು. ಇನ್ನೊಂದರ ವಿಷಯದಲ್ಲಿ ಸಾಸಿವೆಗೂ ಅವರಿಗೂ ಜಗಳವಾಗಿ, ತಾತ ಮಧ್ಯೆ ಬರಬೇಕಾಯಿತು. ಕತ್ತೆಯ ಅರ್ಥ ಹೇಳುತ್ತ ಮೇಷ್ಟ್ರು, “ಎಷ್ಟು ಹೇಳಿದ್ರೂ ಕೇಳಲ್ಲ, ನಿಂತ ಜಾಗದಲ್ಲೇ ನಿಂತಿರುತ್ತೆ, ಮಾತು ಮಾತಿಗೆ ಒದೆಯುತ್ತೆ” ಎಂದಿದ್ದರು. ಸಾಸಿವೆ ಅದನ್ನು ತನಗೇ ಅಂದರೆಂದು ತಿಳಿದು, ಅದು ನಾನಲ್ಲ ಎಂದು ಕೂಗಾಡಿದ್ದಳು. ಆ ಚೀಟಿ ಪಾಸಾಗಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಟೀಚರ್ ನೂರ ಹನ್ನೊಂದು ಚೀಟಿ ಹಿಡಿದು ಮುದ್ರಣಾಲಯಕ್ಕೆ ಹೋದರು. ಮಾಲೀಕರು ಎರಡು ಸಲ ಎಣಿಸಿದರು.

“ಟೀಚರ್, ‘ಕ’ದಲ್ಲಿ ಇಷ್ಟೇನಾ? ಜನ ಏನಂತಾರೆ?”

“ಇಷ್ಟು ಗಟ್ಟಿ ಇದೆ ಅಂತಾರೆ.”

“ಮೂವತ್ತೆರಡು ಪುಟ ಯಾವುದರಿಂದ ತುಂಬಿಸ್ಲಿ? ಇರಿ, ಮೇಷ್ಟ್ರಿಗೆ ಫೋನ್ ಮಾಡ್ತೀನಿ.”

ಫೋನಿನಲ್ಲಿ ಮೇಷ್ಟ್ರ ದನಿ ಪಕ್ಕದಲ್ಲಿ ನಿಂತವರಿಗೂ ಕೇಳಿಸುವಂತಿತ್ತು. ಪುಸ್ತಕ ಕೊಡಲು ಈಗ ಆಗುವುದಿಲ್ಲ, ಅದರಲ್ಲಿ ತಿದ್ದುಪಡಿ ಬಾಕಿ ಇದೆ ಎಂದರು. ಎಷ್ಟು ತಿದ್ದುಪಡಿ ಎಂದು ಮಾಲೀಕರು ಕೇಳಿದ್ದಕ್ಕೆ, “ಪೂರ್ತಿ,” ಎಂದು ಇಟ್ಟುಬಿಟ್ಟರು.

ಮಾಲೀಕರು ಚಿತ್ರ ಬರೆಯುವವರನ್ನು ಕರೆದು, ಚಿತ್ರಗಳನ್ನು ಎರಡರಷ್ಟು ದೊಡ್ಡದು ಮಾಡಲು ಹೇಳಿದರು.

‘ಕ’ ಹನ್ನೊಂದೂವರೆಗೆ ಯಂತ್ರಕ್ಕೆ ಹೋಯಿತು. ಕೊನೆಯ ಎರಡು ಪುಟ ಖಾಲಿ ಉಳಿದಿವೆ, ಮಕ್ಕಳು ಬರೆದುಕೊಳ್ಳಲಿ ಎಂದು ಗೆರೆ ಎಳೆದು ಬಿಟ್ಟಿದ್ದಾರೆ. ‘ಖ’ದಲ್ಲಿ ಪದಗಳು ಕಡಿಮೆ ಎಂದು ಅದನ್ನು ಬಿಟ್ಟು, ‘ಗ’ದ ಕೆಲಸ ಸೋಮವಾರ ನಾಲ್ಕು ಗಂಟೆಗೆ ಶುರು. ಮೇಷ್ಟ್ರು ಮೂರೂವರೆಗೇ ಬರುವುದಾಗಿ ಹೇಳಿ ಕಳಿಸಿದ್ದಾರೆ.